ಮಳೆಗಾಲಕ್ಕೆ ಗ್ಯಾಸ್ ಗ್ರಿಲ್ ಕಟ್ಟಿಡುವುದು ಹೇಗೆ? ಮುಂಬೈ, ಪುಣೆ, ಗೋವಾದವರು ದಯವಿಟ್ಟು ಹೇಳಿ

ಗೋರೆಗಾಂವ್ ಗಚ್ಚಿ · ಮೇ 8, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮೂರು ಬರ್ನರಿನ ಗ್ಯಾಸ್ ಗ್ರಿಲ್ ನಮ್ಮ ಮನೆಗೆ ಬಂದು ಎರಡು ವರ್ಷವಾಗುತ್ತಾ ಬಂತು. ನಾವಿರುವುದು ಗೋರೆಗಾಂವ್ ಪೂರ್ವದ ಹಳೆಯ ಕಟ್ಟಡವೊಂದರ ಕೊನೆಯ ಮಾಳಿಗೆಯಲ್ಲಿ. ಮನೆಗೆ ಸೇರಿದಂತೆ ಪುಟ್ಟ ಗಚ್ಚಿ ಇದೆ. ನವೆಂಬರಿನಿಂದ ಫೆಬ್ರವರಿ ತನಕ ಭಾನುವಾರ ಸಂಜೆಯಾದರೆ ಬಂಗುಡೆ, ಪನೀರ್, ಮುಸುಕಿನ ಜೋಳ ಎಂದು ಏನಾದರೊಂದು ಅದರ ಮೇಲೆ ಇದ್ದೇ ಇರುತ್ತದೆ. ಮಕ್ಕಳು ಮೊಬೈಲ್ ಬಿಟ್ಟು ಬಂದು ಸುತ್ತ ಕೂರುವ ಜಾಗ ಅದೊಂದೇ. ಹಾಗಾಗಿ ಅದು ಹಾಳಾಗಬಾರದು ಎಂಬ ಆಸೆ.

2025ರಲ್ಲಿ ಮುಂಬೈಗೆ ಮೇ 26ಕ್ಕೇ ಮುಂಗಾರು ಬಂದಿತಲ್ಲ, ಆಗ ನನ್ನ ಕೈಯಲ್ಲಿ ಸಮಯವೇ ಇರಲಿಲ್ಲ. ಹಿಂದಿನ ವಾರ ಮೀನು ಸುಟ್ಟಿದ್ದ ಗ್ರಿಲ್ಲನ್ನು ಹಾಗೆಯೇ ನೀಲಿ ತಾಡಪತ್ರಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಮೂಲೆಗೆ ತಳ್ಳಿದೆ. ದಸರೆ ಕಳೆದು ಬಿಚ್ಚಿದಾಗ ಜಾಲರಿಯ ಮೇಲೆಲ್ಲ ಬೂದುಬಣ್ಣದ ಬೂಷ್ಟು, ಜಿಡ್ಡಿನ ತಟ್ಟೆಯಲ್ಲಿ ಸತ್ತ ಜಿರಳೆಗಳು, ಒಂದೊಂದು ಸ್ಕ್ರೂ ತಲೆಯ ಕೆಳಗೂ ಕಂದು ನೀರು ಇಳಿದ ಗೆರೆ. ಅದನ್ನೆಲ್ಲ ತೊಳೆದೆ. ಆದರೆ ಹೊತ್ತಿಸಿದಾಗ ಎಡಗಡೆಯ ಬರ್ನರಿನ ಉರಿ ಮೇಲೆ ಬರದೆ ಕೆಳಗೆ, ನಾಬ್ ಇರುವ ಕಡೆಯಿಂದ ಹೊರಟಿತು. ನನ್ನ ಹೆಂಡತಿ ಓಡಿಬಂದು ಸಿಲಿಂಡರ್ ಮುಚ್ಚಿದಳು. ಆಮೇಲೆ ಬರ್ನರ್ ಕಳಚಿ ನೋಡಿದರೆ ಕೊಳವೆಯ ಬಾಯಿಗೆ ಯಾವುದೋ ಹುಳು ಮಣ್ಣಿನ ಗೂಡು ಕಟ್ಟಿತ್ತು. ಹೆಬ್ಬೆರಳಿನ ಗಾತ್ರದ, ಒಣಗಿ ಕಲ್ಲಾದ ಗೂಡು.

ಈ ವಿಷಯ ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ದೇಶದವರ ಮಾತು. ಅವರು ಚಳಿಗಾಲಕ್ಕೆ ಕಟ್ಟಿಡುತ್ತಾರೆ, ನಾವು ಮಳೆಗಾಲಕ್ಕೆ. ನಮ್ಮ ಗಾಳಿ ಬೇರೆ, ಜಾಗ ಬೇರೆ. ಅನುಭವ ಇರುವವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಬಾಣೇರ್ ಬಿಸಿಲು · ಮೇ 8, ರಾತ್ರಿ 10.25

ಅಣ್ಣ, ಮೊದಲು ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸಿ. ನಾಬ್ ಕಡೆ ಕೈ ಚಾಚದೆ ಸಿಲಿಂಡರ್ ಮುಚ್ಚಿದರಲ್ಲ, ಸರಿಯಾದ ಕೆಲಸ ಅದೇ.

ಪುಣೆಗೆ ಮರಳುವ ಮೊದಲು ನಾನು ಎಂಟು ವರ್ಷ ಷಿಕಾಗೊ ಬಳಿ ಇದ್ದೆ. ಅಲ್ಲಿ ಅಕ್ಟೋಬರ್ ಮುಗಿಯುವಾಗ ಬೀದಿಯವರೆಲ್ಲ ಗ್ರಿಲ್ ತಿಕ್ಕುತ್ತಿರುತ್ತಾರೆ. ಅವರು ಮಾಡುವುದನ್ನು ಹೇಳುತ್ತೇನೆ, ನಮಗೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನೂ ಹೇಳುತ್ತೇನೆ.

ಅವರು ಜಾಲರಿ, ಬರ್ನರ್, ಜಿಡ್ಡಿನ ತಟ್ಟೆ ತೊಳೆದು ಒಣಗಿಸುತ್ತಾರೆ. ಸಿಲಿಂಡರನ್ನು ಕಳಚಿ ಮನೆಯ ಹೊರಗೇ ನಿಲ್ಲಿಸುತ್ತಾರೆ, ಗ್ಯಾರೇಜಿಗೂ ನೆಲಮಾಳಿಗೆಗೂ ತರುವುದಿಲ್ಲ. ಅಲ್ಲಿಯ ಸಿಲಿಂಡರಿನಲ್ಲಿರುವ ಗ್ಯಾಸ್ ಪ್ರೊಪೇನ್, ಅದು ಕುದಿಯುವುದೇ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಆದ್ದರಿಂದ ಹಿಮದಲ್ಲಿ ನಿಂತರೂ ಅದಕ್ಕೆ ತೊಂದರೆಯಿಲ್ಲ. ಬರ್ನರಿನ ಕೊಳವೆಯಲ್ಲಿ ಜೇಡ ಬಲೆ ಕಟ್ಟದಂತೆ ಬಾಯಿ ಮುಚ್ಚುತ್ತಾರೆ. ಇಷ್ಟೂ ನಮಗೆ ಹಾಗೆಯೇ ಸಲ್ಲುತ್ತದೆ. ನಿಮ್ಮ ಗಚ್ಚಿಯಲ್ಲಿ ಗೂಡು ಕಟ್ಟಿದ್ದು ಕಣಜ. ಅಲ್ಲಿ ಜೇಡ, ಇಲ್ಲಿ ಕಣಜ, ಆಗುವ ಅಪಾಯ ಒಂದೇ: ಗಾಳಿ ಗ್ಯಾಸಿನೊಂದಿಗೆ ಬೆರೆಯುವ ದಾರಿ ಕಟ್ಟಿಕೊಂಡರೆ ಗ್ಯಾಸ್ ಹಿಂದಕ್ಕೆ ತಳ್ಳಿಕೊಂಡು ಬಂದು ಹೊರಗೆ ಹೊತ್ತಿಕೊಳ್ಳುತ್ತದೆ.

ಹೊಂದದ್ದು ಒಂದಿದೆ. ಅವರು ಬರ್ನರಿಗೂ ಜಾಲರಿಗೂ ಅಡುಗೆ ಎಣ್ಣೆ ಸವರಿ ಹಾಗೆಯೇ ಇಡುತ್ತಾರೆ. ಅಲ್ಲಿಯ ಚಳಿಯಲ್ಲಿ ಎಣ್ಣೆ ಕೆಡುವುದಿಲ್ಲ, ಇರುವೆ ಜಿರಳೆ ಹೊರಗೆ ತಿರುಗುವುದಿಲ್ಲ. ಇಲ್ಲಿ ಜುಲೈ ತಿಂಗಳಿಗೇ ಆ ಎಣ್ಣೆ ಅಂಟಂಟಾಗಿ, ಕಮಟಾಗಿ, ಮನೆಯ ಜಿರಳೆಗಳನ್ನೆಲ್ಲ ಕರೆಯುತ್ತದೆ. ನಾನು ಮೊದಲ ವರ್ಷ ಅದನ್ನೇ ಮಾಡಿ ಡ್ರೈ ಬಾಲ್ಕನಿಯನ್ನೇ (ಅಡುಗೆಮನೆಗೆ ಸೇರಿದ, ಪಾತ್ರೆ ಬಟ್ಟೆ ತೊಳೆಯುವ ಬಾಲ್ಕನಿ) ಕೆಡಿಸಿಕೊಂಡಿದ್ದೆ.

ಮಡಗಾಂವ್ ಮಳೆ · ಮೇ 9, ಬೆಳಗ್ಗೆ 6.50

ಗೋವಾದಿಂದ ಬರೆಯುತ್ತಿದ್ದೇನೆ. ಮೂಲ ಊರು ಕಾರವಾರ, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ನಮ್ಮ ಹಿತ್ತಿಲಿನ ಗ್ರಿಲ್ಲಿಗೆ ಈಗ ಏಳನೆಯ ಮಳೆಗಾಲ.

ಇಲ್ಲಿ ಮೇ ತಿಂಗಳೆಂದರೆ ಪುರುಮೆಂತ್. ಒಣಮೀನು, ಹುಣಸೆಹಣ್ಣು, ಮೆಣಸಿನಕಾಯಿ, ಕೋಕಂ, ಎಲ್ಲವನ್ನೂ ಬಿಸಿಲಿಗೆ ಕಾಯಿಸಿ ಡಬ್ಬಿಗೆ ತುಂಬುವ ಕಾಲ. ನಮ್ಮ ಕಡೆಯ ಹಪ್ಪಳ ಸಂಡಿಗೆಯ ಲೆಕ್ಕವೂ ಅದೇ ತಾನೆ? ಒಣಗಿದ್ದು ಉಳಿಯುತ್ತದೆ, ಪಸೆ ಇದ್ದದ್ದು ಕೆಡುತ್ತದೆ. ನಾನು ಗ್ರಿಲ್ಲನ್ನೂ ಅದೇ ಸಾಲಿಗೆ ಸೇರಿಸಿದ್ದೇನೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಟ್ರಾಲರ್‌ಗಳು ಕಡಲಿಗೆ ಇಳಿಯುವುದಿಲ್ಲ, ತಾಜಾ ಇಸ್ವಾಣು ಮೀನು ಸಿಗುವುದೇ ಕಡಿಮೆ. ಗ್ರಿಲ್ಲಿಗೂ ಕೆಲಸವಿಲ್ಲ. ಆದ್ದರಿಂದ ಮೇ ಮೂರನೆಯ ವಾರಕ್ಕೆ ಅದನ್ನು ಮುಗಿಸಿಬಿಡುತ್ತೇನೆ.

ನನ್ನ ಕ್ರಮ ಹೀಗೆ. ಮೊದಲು ಜಿಡ್ಡಿನ ತಟ್ಟೆ ಎಳೆದು ಖಾಲಿ ಮಾಡುತ್ತೇನೆ. ಇದನ್ನು ಬಿಟ್ಟು ಉರಿ ಹೆಚ್ಚಿಸಿದರೆ ತಟ್ಟೆಯೇ ಹೊತ್ತಿಕೊಳ್ಳುತ್ತದೆ, ನೆನಪಿರಲಿ. ಆಮೇಲೆ ಎಲ್ಲ ಬರ್ನರ್ ಹೊತ್ತಿಸಿ, ಮುಚ್ಚಳ ಹಾಕಿ, ಕಾಲು ಗಂಟೆ ದೊಡ್ಡ ಉರಿ. ಅಂಟಿಕೊಂಡ ಮಸಾಲೆಯೆಲ್ಲ ಬೂದಿಯಾಗುತ್ತದೆ. ಆರಿಸಿ, ಜಾಲರಿ ಇನ್ನೂ ಬೆಚ್ಚಗಿರುವಾಗಲೇ ಉಜ್ಜಿದರೆ ಅರ್ಧ ಕೆಲಸ ಮುಗಿದಂತೆ. ತಂತಿ ಬ್ರಷ್ ಬಳಸುವವರು ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ ಕಣ್ಣಿಟ್ಟು ನೋಡಿ. ಉದುರಿದ ಒಂದು ತಂತಿ ಊಟದಲ್ಲಿ ಸೇರಿ ಗಂಟಲಿಗೆ ಚುಚ್ಚಿದರೆ ಆಸ್ಪತ್ರೆಯೇ ಗತಿ. ನಾನು ತೆಂಗಿನ ನಾರು ಬಳಸುತ್ತೇನೆ.

ಪೂರ್ತಿ ತಣಿದ ಮೇಲೆ ಬಿಡಿಭಾಗಗಳನ್ನು ಪಾತ್ರೆ ಸಾಬೂನಿನಲ್ಲಿ ತೊಳೆದು, ಹಳೆಯ ಪಂಚೆಯ ಮೇಲೆ ಹರಡಿ, ಒಂದು ಇಡೀ ಹಗಲು ಬಿಸಿಲಿಗೆ. ಮತ್ತೆ ಜೋಡಿಸಿ ಹತ್ತು ನಿಮಿಷ ಉರಿಸುತ್ತೇನೆ. ಇದು ಅಡುಗೆಗಲ್ಲ, ಬಿಸಿಲು ತಲುಪದ ಸಂದಿಗಳಲ್ಲಿನ ನೀರು ಆರಲಿ ಎಂದು. ಈ ಹತ್ತು ನಿಮಿಷವನ್ನು ಬಿಟ್ಟ ವರ್ಷವೇ ನನ್ನ ಗ್ರಿಲ್ಲಿನ ಮುಚ್ಚಳದ ಕೀಲು ತುಕ್ಕು ಹಿಡಿದದ್ದು.

ಠಾಣೆ ಪಾಚ್‌ಪಾಖಾಡಿ · ಮೇ 9, ಬೆಳಗ್ಗೆ 8.15

ಇಲಿಗಳನ್ನು ಯಾರೂ ಹೇಳಲಿಲ್ಲ. ಮಳೆ ಬಂದರೆ ಬಿಲಕ್ಕೆ ನೀರು ನುಗ್ಗಿ ಅವೆಲ್ಲ ಮೇಲಕ್ಕೆ ಬರುತ್ತವೆ. ಎಣ್ಣೆ ವಾಸನೆ ಇರುವ ರಬ್ಬರ್ ಪೈಪ್ ಕಂಡರೆ ಬಿಡುವುದಿಲ್ಲ. ನಮ್ಮ ಮನೆಯ ಪೈಪಿನಲ್ಲಿ ಹಲ್ಲಿನ ಗುರುತು ಸಾಲಾಗಿ ಇದ್ದವು. ಪೈಪನ್ನು ಗ್ರಿಲ್ಲಿಗೆ ಬಿಡಬೇಡಿ, ಕಳಚಿ ಸುರುಳಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮನೆಯೊಳಗೆ ಇಡಿ.

ಅಂಬರನಾಥ ವರ್ಕ್‌ಶಾಪ್ · ಮೇ 9, ಮಧ್ಯಾಹ್ನ 1.30

ಮೂವತ್ತು ವರ್ಷ ಲೋಹದ ಕೆಲಸದಲ್ಲೇ ಇದ್ದವನು, ಆ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಉದ್ದವಾದರೆ ಕ್ಷಮಿಸಿ.

‘ಸ್ಟೇನ್‌ಲೆಸ್’ ಎಂದು ಅಂಗಡಿಯವರು ಹೇಳಿದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ತಿಳಿಯಬೇಡಿ. ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ತಂದು ಗ್ರಿಲ್ಲಿನ ಮೈಗೆ ಇಟ್ಟು ನೋಡಿ. ಗಟ್ಟಿಯಾಗಿ ಹಿಡಿದರೆ ಅದು ಬಹುತೇಕ 430 ದರ್ಜೆ, ನಿಕಲ್ ಇಲ್ಲದ್ದು. ಹಿಡಿಯದಿದ್ದರೆ 304 ದರ್ಜೆಯದಿರಬಹುದು, 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಕಡಲ ಬದಿಗೆ ನಿಜವಾಗಿ ಬೇಕಾದದ್ದು 316. ಅದಕ್ಕೆ 2ರಿಂದ 3 ಪಾಲು ಮಾಲಿಬ್ಡಿನಂ ಸೇರಿಸಿರುತ್ತಾರೆ, ಬೆಲೆ ಹೆಚ್ಚು. ಮನೆಬಳಕೆಯ ಗ್ರಿಲ್‌ಗಳಲ್ಲಿ ಅದು ಅಪರೂಪ.

ಈ ಉಕ್ಕನ್ನು ಕಾಪಾಡುವುದು ಮೇಲ್ಮೈಯಲ್ಲಿ ತಾನೇ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಮೇಲೆ ಕಾಣುವುದು ಸಾಸಿವೆ ಕಾಳಿನಷ್ಟು ಕಲೆ, ಒಳಗೆ ಆಳವಾದ ಗುಳಿ. ಮುಂಬೈ, ಗೋವಾದ ಗಾಳಿಯಲ್ಲೇ ಉಪ್ಪಿದೆ, ನಾವು ಮೀನಿಗೆ ಹಚ್ಚುವ ಮಸಾಲೆಯಲ್ಲೂ ಇದೆ. ಆದ್ದರಿಂದ ಕೊನೆಯ ತೊಳೆತ ಸಿಹಿನೀರಿನಲ್ಲಿ ಧಾರಾಳವಾಗಿ ಇರಲಿ. ಹಿತ್ತಾಳೆ ಪಾತ್ರೆಯ ಅಭ್ಯಾಸದಲ್ಲಿ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಬೇಡಿ. ನೆಲ ಒರೆಸುವ ಬ್ಲೀಚ್ ಅಂತೂ ಹತ್ತಿರಕ್ಕೆ ತರಬೇಡಿ.

ಅನೇಕ ಗ್ರಿಲ್‌ಗಳ ಒಡಲು ಎರಕದ ಅಲ್ಯೂಮಿನಿಯಂ. ಜಿಡ್ಡು ಹೋಗಲೆಂದು ಅದಕ್ಕೆ ವಾಷಿಂಗ್ ಸೋಡಾ ಹಾಕಿದರೆ ಲೋಹವನ್ನೇ ತಿಂದು ಕಪ್ಪಾಗಿಸುತ್ತದೆ.

ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನಿಂದಲೇ ಆಗುವುದು. ಬೀರುವಿನಲ್ಲಿ ತೇವ ಹೀರಲೆಂದು ಇಡುವ ಬಿಳಿ ಹರಳಿನ ಡಬ್ಬಿಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಕ್ಲೋರೈಡ್. ತೇವ ಹೀರಿದಂತೆ ಅದು ಕ್ಲೋರೈಡಿನ ಗಟ್ಟಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಅದು ಚೆಲ್ಲಿದರೆ ಕಡಲ ನೀರಿಗಿಂತ ಕೆಟ್ಟದ್ದು. ಗ್ರಿಲ್ಲಿನ ಮುಚ್ಚಳದೊಳಗೆ ಅದನ್ನು ಇಡಲೇಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳಿನದಾದರೆ ತೇವ ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹರಳುಗಳನ್ನು ಬೇರೆ ತಟ್ಟೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ.

ಗೋರೆಗಾಂವ್ ಗಚ್ಚಿ · ಮೇ 9, ರಾತ್ರಿ 8.05

ಈಗಷ್ಟೇ ಅಯಸ್ಕಾಂತ ಇಟ್ಟು ನೋಡಿದೆ ಸರ್. ಮುಚ್ಚಳಕ್ಕೆ ಹಿಡಿಯಲಿಲ್ಲ, ಕೆಳಗಿನ ಬಾಗಿಲಿಗೂ ಕಾಲುಗಳಿಗೂ ಗಟ್ಟಿಯಾಗಿ ಹಿಡಿಯಿತು. ತುಕ್ಕು ಬಂದಿರುವುದೂ ಅಲ್ಲಿಯೇ.

ಜಾಲರಿ ನಮ್ಮದು ಬೀಡಿನದು (ಎರಕದ ಕಬ್ಬಿಣ), ಭಾರವಾಗಿದೆ. ಎಣ್ಣೆ ಸವರಬೇಡಿ ಎಂದು ಬಾಣೇರ್‌ನವರು ಹೇಳಿದರು. ಸವರದಿದ್ದರೆ ಬೀಡು ತುಕ್ಕು ಹಿಡಿಯುವುದಿಲ್ಲವೇ?

ಮಡಗಾಂವ್ ಮಳೆ · ಮೇ 9, ರಾತ್ರಿ 8.40

ಹಸಿ ಎಣ್ಣೆ ಬೇಡ, ಸುಟ್ಟ ಎಣ್ಣೆ ಬೇಕು. ಹೊಸ ದೋಸೆ ಕಾವಲಿಯನ್ನು ನಿಮ್ಮ ತಾಯಿ ಹೇಗೆ ಪಳಗಿಸುತ್ತಿದ್ದರು, ನೆನಪಿಸಿಕೊಳ್ಳಿ. ಜಾಲರಿಯನ್ನು ಬಿಸಿ ಮಾಡಿ ನೀರಿನಂಶ ಪೂರ್ತಿ ತೆಗೆಯಿರಿ. ಬಟ್ಟೆಯಲ್ಲಿ ಎರಡು ಹನಿ ಎಣ್ಣೆ ಹಚ್ಚಿ ಎಲ್ಲ ಕಡೆ ತೀಡಿ, ಇನ್ನೊಂದು ಒಣ ಬಟ್ಟೆಯಿಂದ ‘ತಪ್ಪಾಗಿ ಹಚ್ಚಿದೆ’ ಎಂಬಂತೆ ಪೂರ್ತಿ ಒರೆಸಿಬಿಡಿ. ಆಮೇಲೆ ಮುಚ್ಚಳ ಹಾಕಿ, ಹೊಗೆ ಬಂದು ನಿಲ್ಲುವ ತನಕ ಕಾಯಿಸಿ. ಮೂರು ಸಲ ಹೀಗೆ ಮಾಡಿದರೆ ಕರಿಯ, ಒಣಗಿದ, ಮುಟ್ಟಿದರೆ ಕೈಗೆ ಅಂಟದ ಹೊದಿಕೆ ಕೂರುತ್ತದೆ. ಅದಕ್ಕೆ ಜಿರಳೆ ಬರುವುದಿಲ್ಲ. ಕೈಗೆ ಅಂಟಿದರೆ ಎಣ್ಣೆ ಹೆಚ್ಚಾಯಿತು ಎಂದರ್ಥ, ಇನ್ನೂ ಕಾಯಿಸಿ.

ನಮ್ಮ ಕರಾವಳಿಯವರಿಗೆ ಒಂದು ಮಾತು. ತೆಂಗಿನೆಣ್ಣೆಯಿಂದ ಈ ಪೊರೆ ಸರಿಯಾಗಿ ಕಟ್ಟುವುದಿಲ್ಲ. ಅದು ಗಾಳಿಗೆ ಬಲಿತು ಗಟ್ಟಿಯಾಗುವ ಜಾತಿಯ ಎಣ್ಣೆಯಲ್ಲ. ಅಗಸೆ ಎಣ್ಣೆ ಚೆನ್ನಾಗಿ ಕಟ್ಟುತ್ತದೆ, ಸೂರ್ಯಕಾಂತಿ ಎಣ್ಣೆಯೂ ನಡೆಯುತ್ತದೆ. ನಾನು ಮೂರು ವರ್ಷ ತೆಂಗಿನೆಣ್ಣೆಯಲ್ಲೇ ಹೆಣಗಾಡಿದ ಮೇಲೆ ತಿಳಿದದ್ದು ಇದು.

ಪಳಗಿಸಿದ ಜಾಲರಿಯನ್ನು ದಿನಪತ್ರಿಕೆಯಲ್ಲಿ ಸುತ್ತಿ ಮನೆಯೊಳಗೆ, ಅಟ್ಟದ ಮೇಲೆ ಇಡಿ. ಗ್ರಿಲ್ಲಿನ ಜೊತೆ ಹೊರಗೆ ಬೇಡ.

ಕುರ್ಲಾ ಹೋಟೆಲ್ ಅಡುಗೆಮನೆ · ಮೇ 9, ರಾತ್ರಿ 11.50

ಹೋಟೆಲ್ ಮುಚ್ಚಿ ಈಗ ಬಂದೆ, ಎಲ್ಲವನ್ನೂ ಓದಿದೆ. ಗ್ರಿಲ್ಲಿಗಿಂತ ನನಗೆ ಸಿಲಿಂಡರಿನದೇ ಚಿಂತೆ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹಾರಿಹೋಗುವುದಿಲ್ಲ, ನೀರಿನಂತೆ ನೆಲಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಕಟ್ಟಡದ ನೆಲಮಾಳಿಗೆ ಪಾರ್ಕಿಂಗಿನಲ್ಲಿ, ಮುಚ್ಚಿದ ಕಪಾಟಿನಲ್ಲಿ, ಗ್ರಿಲ್ಲಿನ ಕೆಳಗಿನ ಬಾಗಿಲಿನೊಳಗೆ ಸಿಲಿಂಡರ್ ಇಟ್ಟು ನಾಲ್ಕು ತಿಂಗಳು ಮರೆಯಬಾರದು. ಎತ್ತರದ ಕಟ್ಟಡದವರು ‘ರೆಫ್ಯೂಜ್’ ಮಾಳಿಗೆ ಖಾಲಿ ಇದೆ ಎಂದು ಅಲ್ಲಿ ಗ್ರಿಲ್ಲನ್ನಾಗಲಿ ಸಿಲಿಂಡರನ್ನಾಗಲಿ ಇಡುವುದು ತಪ್ಪು, ಅದು ಬೆಂಕಿ ಬಿದ್ದಾಗ ಜನ ನಿಲ್ಲಲು ಬಿಟ್ಟ ಜಾಗ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಮಲಗಿಸಬಾರದು. ಗಾಳಿಯಾಡುವ, ಮಳೆ ಬಡಿಯದ ಜಾಗವಾಗಬೇಕು. ನೆಲದ ನೀರು ತಾಗಿ ತಳದ ಬಳೆ ತುಕ್ಕು ಹಿಡಿಯದಂತೆ ಮರದ ಹಲಗೆ ಕೊಡಿ.

ರೆಗ್ಯುಲೇಟರ್ ತೆಗೆದ ಕೂಡಲೇ ದಾರ ಕಟ್ಟಿದ ಪ್ಲಾಸ್ಟಿಕ್ ಮುಚ್ಚಳವನ್ನು ವಾಲ್ವಿನ ಮೇಲೆ ಒತ್ತಿ ಕೂರಿಸಿ, ‘ಟಕ್’ ಎಂದು ಕೇಳಬೇಕು. ಬಹಳ ಜನ ಆ ಮುಚ್ಚಳವನ್ನು ಮೊದಲ ದಿನವೇ ಕಿತ್ತೆಸೆಯುತ್ತಾರೆ. ವಾಲ್ವಿನೊಳಗೆ ಒಂದು ರಬ್ಬರ್ ರಿಂಗ್ ಇರುತ್ತದೆ, ಮತ್ತೆ ಜೋಡಿಸುವ ಮೊದಲು ಅದು ಇದೆಯೇ, ಸೀಳಿದೆಯೇ ನೋಡಿ. ಸಿಲಿಂಡರಿನ ಮೇಲಿನ ಹಿಡಿಯನ್ನು ಹೊತ್ತ ಪಟ್ಟಿಗಳ ಒಳಬದಿಯಲ್ಲಿ ಒಂದು ಅಕ್ಷರ, ಒಂದು ವರ್ಷ ಬರೆದಿರುತ್ತಾರೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ‘ಬಿ 28’ ಎಂದಿದ್ದರೆ 2028ರ ಜೂನ್ ಒಳಗೆ ಅದನ್ನು ಮರುಪರೀಕ್ಷೆ ಮಾಡಬೇಕು. ಆ ತಾರೀಖು ದಾಟಿದ್ದನ್ನು ಮನೆಗೆ ತೆಗೆದುಕೊಳ್ಳಬೇಡಿ.

ಪೈಪು ಉಕ್ಕಿನ ತಂತಿ ಹೆಣೆದ ಸುರಕ್ಷಾ ಪೈಪೇ ಆಗಲಿ, ಐದು ವರ್ಷಕ್ಕೆ ಬದಲಾಯಿಸಿ. ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ, ಅದು ಹಗಲು ರಾತ್ರಿ ಇರುವ ಸಹಾಯವಾಣಿ.

ಡೊಂಬಿವಲಿ ಹೊಸಬ · ಮೇ 10, ಬೆಳಗ್ಗೆ 9.20

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಗೆ ಪೈಪ್ ಗ್ಯಾಸ್ ಬಂದಿದೆ. ಸಿಲಿಂಡರಿನ ರಗಳೆಯೇ ಬೇಡ ಎಂದು ಗ್ರಿಲ್ಲನ್ನು ಅದಕ್ಕೇ ಜೋಡಿಸಬಹುದೇ?

ಕುರ್ಲಾ ಹೋಟೆಲ್ ಅಡುಗೆಮನೆ · ಮೇ 10, ಬೆಳಗ್ಗೆ 9.45

ಬೇಡ ತಮ್ಮ. ಪೈಪಿನಲ್ಲಿ ಬರುವುದು ಮೀಥೇನ್, ಗಾಳಿಗಿಂತ ಹಗುರ, ಒತ್ತಡ 21 ಮಿಲಿಬಾರ್. ಸಿಲಿಂಡರಿನ ರೆಗ್ಯುಲೇಟರ್ ಕೊಡುವುದು 30 ಮಿಲಿಬಾರ್. ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ಮೂತಿ ಇರುತ್ತದಲ್ಲ, ಆ ಜೆಟ್ಟಿನ ರಂಧ್ರದ ಅಳತೆ ಎರಡಕ್ಕೂ ಬೇರೆ. ಗ್ರಿಲ್ ತಯಾರಿಸಿದವರೇ ಮೀಥೇನಿಗೆ ಜೆಟ್ ಕೊಡುವುದಾದರೆ, ಗ್ಯಾಸ್ ಕಂಪನಿಯ ಪರಿಣತರಿಂದಲೇ ಮಾಡಿಸಿ. ಸ್ವತಃ ಕೈ ಹಾಕಬೇಡ.

ಬಾಣೇರ್ ಬಿಸಿಲು · ಮೇ 10, ಬೆಳಗ್ಗೆ 10.30

ಇದಕ್ಕೇ ಸೇರಿದ ಮಾತು: ಅಮೆರಿಕದಿಂದ ಗ್ರಿಲ್ ಹೊತ್ತು ತಂದವರು ಅಲ್ಲಿಯ ರೆಗ್ಯುಲೇಟರನ್ನು ನಮ್ಮ ಸಿಲಿಂಡರಿಗೆ ಹೇಗಾದರೂ ಕೂರಿಸಲು ನೋಡುತ್ತಾರೆ. ಅಲ್ಲಿಯದು ತಿರುಪಿನದು, ನಮ್ಮದು 22 ಮಿಲಿಮೀಟರ್ ಒತ್ತಿ ಕೂರಿಸುವುದು. ತಂತಿ ಬಿಗಿದು, ಟೇಪ್ ಸುತ್ತಿ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಮಕ್ಕಳಿರುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಹೊದಿಕೆ. ತಾಡಪತ್ರಿಯನ್ನು ಮೈಗೆ ಅಂಟುವಂತೆ ಬಿಗಿಯುವುದೇ ಹಾನಿಗೆ ಮೂಲ. ಹಗಲು ಬಿಸಿಯಾಗಿ ಒಳಗಿನ ತೇವ ಆವಿಯಾಗುತ್ತದೆ, ರಾತ್ರಿ ತಣಿದು ಲೋಹದ ಮೇಲೆಯೇ ಹನಿಯಾಗಿ ಇಳಿಯುತ್ತದೆ. ನಾಲ್ಕು ತಿಂಗಳು ಪ್ರತಿರಾತ್ರಿ ಹೀಗೆ. ನಾನು ಮಾಡುವುದು: ಎರಡು ಇಟ್ಟಿಗೆಯ ಮೇಲೆ ಗ್ರಿಲ್ ಎತ್ತಿ ನಿಲ್ಲಿಸುತ್ತೇನೆ, ಬಟ್ಟೆಯ ಹೊದಿಕೆ ಹಾಕಿ ಕೆಳಗೆ ಒಂದು ಗೇಣು ತೆರೆದಿಡುತ್ತೇನೆ, ತಾಡಪತ್ರಿಯನ್ನು ಅದರ ಮೇಲೆ ಚಪ್ಪರದಂತೆ ಎತ್ತರಕ್ಕೆ ಕಟ್ಟುತ್ತೇನೆ.

ಅಂಬರನಾಥ ವರ್ಕ್‌ಶಾಪ್ · ಮೇ 10, ಮಧ್ಯಾಹ್ನ 12.10

ಹೊದಿಕೆಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಪುಣೆಯಲ್ಲಿ ಅದು ಸಾಕು, ಅಲ್ಲಿಯ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಮುಂಬೈಯಲ್ಲಿ 2,000 ದಾಟುತ್ತದೆ, ಗೋವಾದಲ್ಲಿ 3,000ದ ಹತ್ತಿರ, ಅದೂ ಗಾಳಿಯೊಂದಿಗೆ ಅಡ್ಡಡ್ಡ ಬಡಿಯುವ ಮಳೆ. ತೆರೆದ ಗಚ್ಚಿಯಲ್ಲಿ ಒಂದು ಗೇಣು ಬಿಟ್ಟರೆ ನೀರು ಒಳಗೇ. ಸಿಲಿಂಡರ್ ಬೇರ್ಪಡಿಸಿದ, ತೊಳೆದ ಗ್ರಿಲ್ ಮನೆಯೊಳಗೆ ಇದ್ದರೆ ಅಪಾಯವೇನೂ ಇಲ್ಲ. ಜಾಗ ಮಾಡಿಕೊಂಡು ಒಳಗೆ ತನ್ನಿ.

ಬಾಣೇರ್ ಬಿಸಿಲು · ಮೇ 10, ಮಧ್ಯಾಹ್ನ 12.25

ಒಪ್ಪಿದೆ ಸರ್. ನಾನು ಪುಣೆಯ ಮಳೆಯನ್ನಷ್ಟೇ ಕಂಡು ಹೇಳಿದ್ದು. ಗಚ್ಚಿಯವರೇ, ಒಳಗೆ ತರುವುದೇ ಮೇಲು.

ಗೋರೆಗಾಂವ್ ಗಚ್ಚಿ · ಮೇ 17, ರಾತ್ರಿ 10.15

ಇಂದು ಇಡೀ ದಿನ ಕೂತು ಮುಗಿಸಿದೆವು. ಆದದ್ದನ್ನು ಬರೆಯುತ್ತೇನೆ, ಮುಂದೆ ಓದುವವರಿಗೂ ಬೇಕಾದೀತು.

ಬೆಳಗ್ಗೆ ಏಳಕ್ಕೇ ಜಿಡ್ಡಿನ ತಟ್ಟೆ ಎಳೆದೆ. ಮೊದಲು ಒಂದು ಪದರ ಮೃದುವಾದ ಕೊಬ್ಬು, ಅದರ ಕೆಳಗೆ ಟಾರಿನಂತೆ ಗಟ್ಟಿಯಾದದ್ದು. ಹಳೆಯ ಸೌಟಿನಲ್ಲಿ ಕೆರೆದು ಪತ್ರಿಕೆಯಲ್ಲಿ ಕಟ್ಟಿ ಕಸಕ್ಕೆ ಹಾಕಿದೆ, ಮೋರಿಗೆ ಬಿಡಲಿಲ್ಲ. ಮಡಗಾಂವ್ ಅಕ್ಕ ಹೇಳಿದಂತೆ ಉರಿಸಿ, ಬೆಚ್ಚಗಿರುವಾಗ ತೆಂಗಿನ ನಾರಿನಿಂದ ಉಜ್ಜಿದೆ. ಮೂರೂ ಬರ್ನರ್ ಕಳಚಿದೆ. ಉದ್ದಕ್ಕೂ ಸಾಲಾಗಿರುವ ರಂಧ್ರಗಳಲ್ಲಿ ಎಡಗಡೆಯದರ ಹನ್ನೊಂದು ಮುಚ್ಚಿಹೋಗಿದ್ದವು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಡ್ಡಕ್ಕೆ ಉಜ್ಜಿದಾಗ ಎಂಟು ತೆರೆದವು, ಉಳಿದ ಮೂರಕ್ಕೆ ತೆಳು ತಂತಿ ಬೇಕಾಯಿತು. ಜೆಟ್ಟಿಗೂ ಸೂಜಿ ಹಾಕಲು ಹೊರಟಿದ್ದೆ. ವರ್ಕ್‌ಶಾಪ್ ಸರ್‌ಗೆ ಸಂದೇಶ ಕಳಿಸಿ ಕೇಳಿದ್ದು ಒಳ್ಳೆಯದಾಯಿತು. ಅದು ಹಿತ್ತಾಳೆ, ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಉರಿ ಕೆಡುತ್ತದೆ ಎಂದರು. ಊದಿ ಬಿಟ್ಟೆ.

ಬಲಗಡೆಯ ಬರ್ನರಿನ ಬಾಯಲ್ಲಿ ಮತ್ತೆ ಮಣ್ಣು! ಈ ಬೇಸಿಗೆಯಲ್ಲೇ, ನಾನು ಬಳಸುತ್ತಿರುವಾಗಲೇ, ಅರ್ಧ ಕಟ್ಟಿದ ಗೂಡು. ಬಿದಿರಿನ ಕಡ್ಡಿಯಿಂದ ಒಡೆದರೆ ಒಳಗೆ ಹಸಿರು ಬಣ್ಣದ ಮೂರು ಸಣ್ಣ ಕಂಬಳಿಹುಳು, ಕಣಜ ತನ್ನ ಮರಿಗೆಂದು ತಂದಿಟ್ಟದ್ದು. ಮಗಳು ಅವನ್ನು ಎಲೆಯ ಮೇಲೆ ತೆಗೆದುಕೊಂಡು ಹೋಗಿ ಕೆಳಗಿನ ಗಿಡದ ಬಳಿ ಬಿಟ್ಟು ಬಂದಳು.

ಎಲ್ಲ ಜೋಡಿಸಿ, ಒಣಗಿಸಲು ಹತ್ತು ನಿಮಿಷ ಉರಿಸುವ ಮೊದಲು ಸಾಬೂನು ನೀರನ್ನು ಪೈಪಿನ ಕೀಲುಗಳಿಗೆ ಹಚ್ಚಿದೆ. ರೆಗ್ಯುಲೇಟರ್ ಬದಿಯಲ್ಲಿ ಏನೂ ಇಲ್ಲ. ಗ್ರಿಲ್ಲಿನ ಬದಿಯ ಕ್ಲಿಪ್ಪಿನ ಕೆಳಗೆ ಒಂದು ಗುಳ್ಳೆ ಮೆಲ್ಲಗೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ವಾಸನೆ ಒಂದಿಷ್ಟೂ ಇರಲಿಲ್ಲ. ಕೂಡಲೇ ಮುಚ್ಚಿ ಪೈಪು ಕಳಚಿ ನೋಡಿದರೆ ಕ್ಲಿಪ್ಪಿನಡಿ ರಬ್ಬರ್ ಸೀಳಿದೆ. ಮಧ್ಯಾಹ್ನವೇ ಹೊಸ ಸುರಕ್ಷಾ ಪೈಪು, ಹೊಸ ಕ್ಲಿಪ್ ತಂದು ಹಾಕಿ, ಮತ್ತೆ ಸಾಬೂನು ನೀರು ಹಚ್ಚಿ ನೋಡಿದ ಮೇಲೆಯೇ ಹೊತ್ತಿಸಿದೆ. ಆರಿಸುವಾಗ ಮೊದಲು ರೆಗ್ಯುಲೇಟರ್ ಮುಚ್ಚಿದೆ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ತಾನೇ ನಂದಿತು, ಆಮೇಲೆ ನಾಬ್ ತಿರುಗಿಸಿದೆ.

ಕಿಡಿ ಹೊತ್ತಿಸುವ ಗುಂಡಿಯ ಬ್ಯಾಟರಿ ತೆಗೆದಿಟ್ಟಿದ್ದೇನೆ. ಮೂರು ಬರ್ನರಿನ ಬಾಯಿಗೂ ಅಲ್ಯೂಮಿನಿಯಂ ಹಾಳೆ ಸುತ್ತಿದೆ. ತೆಗೆಯುವುದನ್ನು ಮರೆತು ಹೊತ್ತಿಸಿದರೆ ಕಣಜ ಮಾಡಿದ್ದನ್ನೇ ನಾನು ಮಾಡಿದಂತಾಗುತ್ತದೆ. ಆದ್ದರಿಂದ ಪ್ರತಿ ನಾಬಿಗೂ ಹೆಂಡತಿ ಕೆಂಪು ದಾರ ಕಟ್ಟಿದ್ದಾಳೆ, ಹಾಳೆ ತೆಗೆದ ಮೇಲೆಯೇ ದಾರ ಬಿಚ್ಚುವುದು. ಗ್ರಿಲ್ ಈಗ ನಡುಮನೆಯ ಕಿಟಕಿಯ ಕೆಳಗೆ ಇದೆ, ಮೇಲೆ ಹಳೆಯ ಹತ್ತಿಯ ಹೊದಿಕೆ. ಜಾಲರಿ ಅಟ್ಟದಲ್ಲಿ, ಪೈಪು ಡಬ್ಬಿಯಲ್ಲಿ. 5 ಕಿಲೋ ಸಿಲಿಂಡರ್ ಮಾತ್ರ ಗಚ್ಚಿಯ ಸೂರಿನಡಿ, ಹಲಗೆಯ ಮೇಲೆ, ಮುಚ್ಚಳ ಹಾಕಿಕೊಂಡು ನೆಟ್ಟಗೆ ನಿಂತಿದೆ.

ಠಾಣೆ ಪಾಚ್‌ಪಾಖಾಡಿ · ಮೇ 17, ರಾತ್ರಿ 10.40

ಆ ಹಳೆಯ ಪೈಪನ್ನು ಕತ್ತರಿಸಿ ಎಸೆಯಿರಿ. ಹಾಗೆಯೇ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗಿ ಮತ್ತೆ ಬಳಸುತ್ತಾರೆ.

ಗೋರೆಗಾಂವ್ ಗಚ್ಚಿ · ಮೇ 17, ರಾತ್ರಿ 10.55

ಈಗಲೇ ನಾಲ್ಕು ತುಂಡು ಮಾಡಿದೆ.

ಮಡಗಾಂವ್ ಮಳೆ · ಮೇ 18, ಬೆಳಗ್ಗೆ 6.30

ಬಹಳ ಸಂತೋಷವಾಯಿತು. ಜುಲೈನಲ್ಲಿ ಮಳೆ ಎರಡು ದಿನ ಬಿಟ್ಟು ಬಿಸಿಲು ಬೀಳುತ್ತದಲ್ಲ, ಆಗ ಹೊದಿಕೆ ತೆಗೆದು ಮುಚ್ಚಳ ಎತ್ತಿ ಅರ್ಧ ದಿನ ಗಾಳಿಗೆ ಬಿಡಿ, ಸಿಲಿಕಾ ಪೊಟ್ಟಣದ ಬಣ್ಣ ನೋಡಿ. ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು. ನನ್ನದನ್ನು ಇಂದು ತೊಳೆಯಲು ಇಳಿಸುತ್ತಿದ್ದೇನೆ, ಹಿತ್ತಿಲಿನಲ್ಲಿ ಬಿಸಿಲು ಚೆನ್ನಾಗಿದೆ.